ಕರೆಂಟಮ್ಮನ ಗೆರೆ

ಆಕೆ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಎದುರಿಗೆ ಬಂದವರ ಪಕ್ಕೆಲುಬಿನ ಕೆಳಗೆ, ಬಲಗಡೆ, ಅಂಗೈ ಅಗಲದ ಜಾಗಕ್ಕೆ ಅವಳ ಕಣ್ಣು ಹೋಗಿ ನಿಲ್ಲುತ್ತಿತ್ತು. ಸೀರೆ, ಅಂಗಿ, ಚರ್ಮ ಎಲ್ಲವನ್ನೂ ದಾಟಿ ಒಳಗೆ ಎಲ್ಲೋ ಒಂದು ಆಳದಲ್ಲಿ ನಿಂತ ಹಾಗೆ. ಆಮೇಲೆ ಮುಖ ನೋಡಿ "ಚೆನ್ನಾಗಿದ್ದೀರಾ?" ಎಂದು ಕೇಳುತ್ತಿದ್ದಳು. ಅಷ್ಟು ಹೊತ್ತಿಗೆ ಎದುರಿದ್ದವರ ಬೆನ್ನಲ್ಲಿ ಬೆವರು ಇಳಿದಿರುತ್ತಿತ್ತು.

ಮದುವೆ ಮನೆಗಳಲ್ಲಿ ಅವಳು ಒಳಗೆ ಬಂದರೆ ಸಾಕು, ಹೆಂಗಸರೆಲ್ಲ ಸೆರಗು ಎಳೆದು ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದರು. ಬೀದಿಯ ನಲ್ಲಿಯ ಹತ್ತಿರ ಭಾನುವಾರದ ಮಾತೇ ಅದು: "ಇವತ್ತು ಆಯಮ್ಮ ಯಾರ್ನ ನೋಡಿದ್ಲು?" ನನಗೆ ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನ ನೇರವಾಗಿ ಕೇಳಿಬಿಟ್ಟೆ.

"ಅಕ್ಕಾ, ನನ್ನ ಪಕ್ಕೇಲಿ ಏನು ನಿಧಿ ಹೂತಿಟ್ಟವ್ರಾ?"

ಅವಳು ನಕ್ಕಳು. "ಇಲ್ಲ ಕಣೆ. ಒಳಗಡೆ ಯಾರೂ ನೆಟ್ಟಗಿಲ್ಲ. ಹೊರಗೆ ಎರಡು ಕಣ್ಣು, ಎರಡು ಕೈ ಅಂತ ಸಮ ಮಾಡಿಟ್ಟು, ಒಳಗೆ ಎಲ್ಲಾ ಓರೆ ಮಾಡಿದ್ದಾನೆ ದೇವರು. ಯಾರು ಎಷ್ಟು ಓರೆ ಅಂತ ನೋಡ್ತೀನಿ, ಅಷ್ಟೇ."

"ನಾನು ಎಷ್ಟು ಓರೆ?"

"ನೀನಾ? ನಿನ್ನ ನಾಲಿಗೆ ಬಿಟ್ಟರೆ ಮಿಕ್ಕಿದ್ದೆಲ್ಲ ಅಲ್ಲಲ್ಲೇ ಇದೆ."

ಅವಳು ತೀರಿಕೊಂಡಳೆಂದು ಮೊನ್ನೆ ಅವಳ ತಮ್ಮನ ಮಗಳು ಫೋನಿಗೆ ಬರೆದು ಕಳಿಸಿದಳು. ನಾನೂ ಅದೇ ಫೋನಿನಲ್ಲಿ ಒಂದು ಬೆರಳಿನಿಂದ ಒತ್ತಿ ಒತ್ತಿ ಇದನ್ನು ಬರೆಯುತ್ತಿದ್ದೇನೆ. "ಅಕ್ಕ" ಎಂದು ಒತ್ತಿದರೆ ಅದು "ಅಕ್ಕಿ" ಎಂದು ತಿದ್ದಿ ಕೊಡುತ್ತದೆ. ಹೆಸರು ಬರೆಯುವುದಿಲ್ಲ. ಇದ್ದಾಗಲೂ ಅವಳ ಹೆಸರನ್ನು ಊರಲ್ಲಿ ಯಾರೂ ಕರೆಯುತ್ತಿರಲಿಲ್ಲ.

ಮಧುಗಿರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಗಿರಣಿಯ ಹಿಂದೆ ನಮ್ಮ ಮನೆ, ನಮ್ಮ ಗೋಡೆಗೆ ಅಂಟಿಕೊಂಡು ಅವಳ ತಾಯಿಯ ಮನೆ. ಲಿಂಗವಂತರು. ತಂದೆ ಹುಣಸೆಹಣ್ಣಿನ ವ್ಯಾಪಾರ ಮಾಡಿಕೊಂಡಿದ್ದು ಮೊದಲೇ ತೀರಿಕೊಂಡಿದ್ದರು. ಅವಳು ಭೌತಶಾಸ್ತ್ರ ಓದಿ, ಬೊಂಬಾಯಿಗೆ ಹೋಗಿ ಇನ್ನೂ ಏನೋ ಕಲಿತು, ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ವಿಭಾಗಕ್ಕೆ ಸೇರಿದ್ದಳು. ಡಾಕ್ಟರಲ್ಲ, ನರ್ಸೂ ಅಲ್ಲ. ಗಡ್ಡೆಗೆ ವಿಕಿರಣ ಕೊಡಬೇಕು ಎಂದು ಡಾಕ್ಟರು ಹೇಳಿದ ಮೇಲೆ, ಎಷ್ಟು ಕೊಡಬೇಕು, ಯಾವ ಕಡೆಯಿಂದ ಕೊಡಬೇಕು, ಎಷ್ಟು ಆಳಕ್ಕೆ ಹೋಗಬೇಕು ಎಂದು ಅಳೆದು ಲೆಕ್ಕ ಹಾಕುವುದು ಅವಳ ಕೆಲಸ. ಮದುವೆ ಆಗಿರಲಿಲ್ಲ. ಶನಿವಾರ ಸಂಜೆಯ ಬಸ್ಸಿಗೆ ಬರುವುದು, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೋಗುವುದು.

ವಿಕಿರಣ ಎಂದರೆ ನಮ್ಮ ಕಡೆ ಯಾರಿಗೆ ಅರ್ಥವಾಗಬೇಕು? ಆಗಲೂ ಈಗಲೂ ಅದಕ್ಕೆ ಜನ ಹೇಳುವುದು "ಕರೆಂಟು" ಎಂದೇ. "ಅವರಿಗೆ ಕರೆಂಟ್ ಇಡ್ತಾವ್ರಂತೆ" ಎಂದರೆ ಕೇಳಿದವರು ಗಲ್ಲಕ್ಕೆ ಕೈ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಅವಳು ಕರೆಂಟಮ್ಮ ಆದಳು. ಮಾರಮ್ಮ, ದಂಡಿನಮ್ಮ ಇದ್ದ ಹಾಗೆ ಕರೆಂಟಮ್ಮ. ಆ ಹೆಸರು ಕೇಳಿದರೆ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು.

ಅವಳ ಬಲಗೈ ತೋರುಬೆರಳು ಯಾವಾಗಲೂ ನೇರಳೆ ಬಣ್ಣ. ರೋಗಿಯ ಮೈಮೇಲೆ ಎಲ್ಲಿ ಕರೆಂಟು ಬೀಳಬೇಕೋ ಅಲ್ಲಿ ನೇರಳೆ ಔಷಧಿಯಲ್ಲಿ ಗೆರೆ ಎಳೆಯುತ್ತಾರೆ, ಮುಗಿಯುವ ತನಕ ಅದನ್ನು ತೊಳೆಯಬಾರದು. ಎಷ್ಟು ಉಜ್ಜಿದರೂ ಅವಳ ಬೆರಳಿನಿಂದ ಅದು ಹೋಗುತ್ತಿರಲಿಲ್ಲ. ನಮ್ಮ ಮನೆಯ ಲೋಟದಲ್ಲಿ ಕಾಫಿ ಕುಡಿದರೆ ಆ ಬೆರಳೊಂದನ್ನು ಲೋಟಕ್ಕೆ ತಾಗದ ಹಾಗೆ ಎತ್ತಿ ಹಿಡಿಯುತ್ತಿದ್ದಳು, ಅದು ಬೇರೆ ಯಾರದ್ದೋ ಬೆರಳು ಎಂಬಂತೆ.

ಒಮ್ಮೆ ಅವಳ ಜೊತೆ ಸೀರೆ ತರಲು ಶಿರಾಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಮಾಂಸದ ಅಂಗಡಿಯ ಮುಂದೆ ಈಯಮ್ಮ ಗಕ್ಕನೆ ನಿಂತುಬಿಟ್ಟಳು. ಲಿಂಗವಂತರ ಹೆಣ್ಣುಮಗಳು, ಹಣೆಯಲ್ಲಿ ವಿಭೂತಿ, ಮೊಟ್ಟೆ ಕೂಡ ಮುಟ್ಟಿದವಳಲ್ಲ. ಕೊಕ್ಕೆಗೆ ನೇತುಹಾಕಿದ್ದ ಕುರಿಯ ಈಲಿಯನ್ನು, ಪೇಟೆಯವರು ಲಿವರ್ ಎನ್ನುವುದನ್ನು, ನೋಡುತ್ತ ನಿಂತಳು. ಸಾಬರು ಚಾಕು ಒರೆಸುತ್ತ ಕೇಳಿದರು:

"ಕ್ಯಾ ಅಮ್ಮಾ, ಕಲೀಜಾ ಹೋನಾ? ತಾಜಾ ಐತೆ, ಈಗ್ಲೇ ಕುಯ್ದಿದ್ದು."

"ಬೇಡ ಸಾಬ್ರೆ. ಒಂದ್ಸಲ ಮುಟ್ಟಿ ನೋಡ್ಲಾ?"

ಸಾಬರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಅವಳು ಆ ನೇರಳೆ ಬೆರಳಿನಿಂದ ಈಲಿಯನ್ನು ಮೆಲ್ಲಗೆ ಒತ್ತಿದಳು. ಅದು ತಗ್ಗಿ ಮತ್ತೆ ಮೇಲೆ ಬಂತು, ಉಸಿರಾಡಿದ ಹಾಗೆ. "ಇಷ್ಟು ಮೆತ್ತಗಿರುತ್ತೆ ಅಂತ ಪುಸ್ತಕದಲ್ಲಿ ಬರೆದಿಲ್ಲ ಕಣೆ," ಎಂದಳು ನನಗೆ. ಆಮೇಲೆ ನಲ್ಲಿಯಲ್ಲಿ ಕೈ ತೊಳೆದು, ತನ್ನ ಅವ್ವನಿಗೆ ಹೇಳಬಾರದೆಂದು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಳು. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಆಣೆ ಅವ್ವನಿಗೆ ಮಾತ್ರ ಇತ್ತು, ನಿಮಗಲ್ಲ.

ಭಾನುವಾರ ಅವಳ ಮನೆಯ ಜಗುಲಿ ಖಾಲಿ ಇರುತ್ತಿರಲಿಲ್ಲ. ಕೊರಟಗೆರೆ ಕಡೆಯಿಂದ, ಪಾವಗಡದ ಕಡೆಯಿಂದ ಜನ ಬಂದು ಕೂತಿರುತ್ತಿದ್ದರು. ಹೊಳವನಹಳ್ಳಿಯ ಹತ್ತಿರದ ಒಬ್ಬ ಅಯ್ಯನವರಿಗೆ ಬೆಂಗಳೂರಿನಲ್ಲಿ ಕರೆಂಟು ಇಡಬೇಕಿತ್ತು, ಆದರೆ ಎದೆಯ ಮೇಲಿನ, ಲಿಂಗ ಇಟ್ಟ ಬೆಳ್ಳಿ ಕರಡಿಗೆಯನ್ನು ಅವರು ಬಿಚ್ಚಲೊಲ್ಲರು. "ಲಿಂಗ ಬಿಚ್ಚಿದ್ರೆ ನಾನು ಇದ್ದೂ ಸತ್ತಂಗೆ ಕಣಮ್ಮ," ಎಂದು ಹಟ. ಬೆಳ್ಳಿ ಅಡ್ಡ ಇದ್ದರೆ ಒಳಗೆ ಅದರ ನೆರಳು ಬಿದ್ದು ಲೆಕ್ಕ ಕೆಡುತ್ತದೆ. ಬೇರೆ ಯಾರಾದರೂ ಆಗಿದ್ದರೆ ಬೈದು ಕಳಿಸುತ್ತಿದ್ದರು. ಅವಳು ತಾನೇ ಎದ್ದು, ಕರಡಿಗೆಯ ದಾರವನ್ನು ಅವರ ಎಡತೋಳಿಗೆ ಸುತ್ತಿ ಕಟ್ಟಿ, "ತೋಳಿನ ಮೇಲೆ ಕೂತ್ರೂ ಅವನು ಅವನೇ ಅಲ್ವಾ ಅಯ್ಯನೋರೆ?" ಎಂದಳು. ಅವರು ಗಳಗಳನೆ ಅತ್ತರು.

ಇನ್ನೊಂದು ಸಲ ಪಾವಗಡದ ಕಡೆಯ ಕುರಿ ಕಾಯುವ ತಾತನೊಬ್ಬ ಮೇವು ಬಿಟ್ಟಿದ್ದ ಒಂದು ಕುರಿಯನ್ನೇ ಹೆಗಲ ಮೇಲೆ ಹೊತ್ತು ತಂದ.

"ನೀನು ಒಳಗಿಂದು ನೋಡ್ತೀಯಂತೆ. ಇದನ್ನೊಸಿ ನೋಡ್ಬುಡು ತಾಯಿ."

"ತಾತ, ನಾನು ನೋಡಲ್ಲ, ಲೆಕ್ಕ ಹಾಕ್ತೀನಿ."

"ಅದ್ನೇ ಹಾಕು. ನಾನೇನು ಬ್ಯಾಡ ಅಂದ್ನಾ?"

ಕುರಿ ಅವಳನ್ನು ನೋಡಿತು. ಅವಳು ಕುರಿಯನ್ನು, ಅದೇ ಜಾಗದಲ್ಲಿ, ಸುಮಾರು ಹೊತ್ತು ನೋಡಿದಳು. ನಂತರ "ಮನೆಗೆ ಕರ್ಕೊಂಡು ಹೋಗು ತಾತ," ಎಂದಳು. ಅಷ್ಟೇ. ತಾತ ಕುರಿಯ ಕುತ್ತಿಗೆ ಅಪ್ಪಿಕೊಂಡು ಬೀದಿಗೆಲ್ಲ ಕೇಳುವ ಹಾಗೆ ಬಾಯಿ ಬಡಿದುಕೊಂಡ. ಆಸ್ಪತ್ರೆಯವರು ಯಾರನ್ನಾದರೂ ಮನೆಗೆ ಕರೆದುಕೊಂಡು ಹೋಗಿ ಎಂದರೆ ಅದರ ಅರ್ಥ ಏನೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಪಾಪ, ಅವಳು ಜಗುಲಿ ಗಲೀಜಾಗುತ್ತದೆ ಎಂದು ಹಾಗೆ ಹೇಳಿದ್ದಳು. ಆ ಕುರಿ ಗಟ್ಟಿಯಾಗಿ ಬದುಕಿ ಮರಿಯನ್ನೂ ಹಾಕಿತಂತೆ. ಆದರೆ ಆಮೇಲೆ ಆ ಮಾತು ಅವಳ ಬಾಯಿಂದ ಯಾರ ಮುಂದೆಯೂ ಬರಲಿಲ್ಲ.

ನಗುವುದೆಲ್ಲ ಇಲ್ಲಿಗೆ ಮುಗಿಯಿತು. ಮುಂದೆ ನಮ್ಮ ಯಜಮಾನರ ವಿಷಯ.

ಎಂಬತ್ತನೇ ಇಸವಿಯ ಆಚೀಚಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಅವಳು ಗೋಧಿ ಬೀಸಿಸಲು ಗಿರಣಿಗೆ ಬಂದಿದ್ದಳು. ಕರೆಂಟು ಹೋಗಿತ್ತು. ಗಿರಣಿ ನಿಂತು, ಹಿಟ್ಟಿನ ಧೂಳು ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ತಗಡಿನ ಸೂರಿನಲ್ಲಿ ಮೊಳೆ ಕಿತ್ತ ತೂತುಗಳಿದ್ದವು, ಅಲ್ಲಿಂದ ಬಿಸಿಲು ಕೋಲಿನ ಹಾಗೆ ಒಳಗೆ ಇಳಿದಿತ್ತು. ಹೊರಗೆ ನಿಲ್ಲಿಸಿದ್ದ ಲಾರಿಯ ಗಾಜಿಗೆ ತಾಗಿದ ಇನ್ನೊಂದು ಬಿಸಿಲ ಕೋಲು ಬಾಗಿಲಿನಿಂದ ಅಡ್ಡಡ್ಡ ಬಂದು ಅದನ್ನು ಹಾಯ್ದಿತ್ತು. ನಾನು ಕೇಳಿದೆ: "ಅಲ್ಲಕ್ಕಾ, ನಿಮ್ಮ ಕರೆಂಟು ಒಳಗೋಗಿ ಗಡ್ಡೇನೇ ಹೆಂಗೆ ಹುಡುಕ್ತದೆ?"

"ಅದು ಏನೂ ಹುಡುಕಲ್ಲ ಕಣೆ, ಕುರುಡು. ದಾರಿ ನಾವು ಹಾಕಿಕೊಡಬೇಕು. ಒಂದೇ ಕಡೆಯಿಂದ ಪೂರ್ತಿ ಬಿಟ್ಟರೆ ದಾರೀಲಿರೋದೆಲ್ಲ ಹಾಳು. ಅದಕ್ಕೇ ಬೇರೆ ಬೇರೆ ಕಡೆಯಿಂದ ಸ್ವಲ್ಪ ಸ್ವಲ್ಪ ಬಿಡೋದು." ಧೂಳಿನಲ್ಲಿ ಬಿಸಿಲ ಕೋಲುಗಳು ಸೇರುವ ಜಾಗವನ್ನು ತೋರಿಸಿದಳು. ಬರೀ ಅಲ್ಲಿ ಬೆಳಕು ಬೆಳ್ಳಗೆ ಉರಿಯುತ್ತಿತ್ತು. "ನೋಡು, ಒಂದೊಂದೂ ಎಷ್ಟು ತೆಳ್ಳಗಿದೆ. ಸೇರಿದ ಜಾಗದಲ್ಲಿ ಮಾತ್ರ ಜೋರು. ಆ ಜಾಗ ಗಡ್ಡೆ ಮೇಲೆ ಬೀಳೋ ಹಾಗೆ ಮಾಡೋದು ನನ್ನ ಕೆಲಸ."

ಆಗ ನಮ್ಮವರು ಮೂಟೆ ಸರಿಸುತ್ತ ಆ ಬೆಳಕಿನ ನಡುವೆ ಬಂದು ನಿಂತರು. ಬೆಳ್ಳಗೆ ಉರಿಯುವ ಆ ಚೂರು ಅವರ ಬಲಪಕ್ಕೆಯ ಮೇಲೆ ಬಿತ್ತು. ಅವಳ ಕಣ್ಣು ಅಲ್ಲಿಗೆ ಹೋಗಿ ನಿಂತಿತು. ಮುಖಕ್ಕೆ ಬರಲೇ ಇಲ್ಲ.

"ಎಷ್ಟು ದಿನದಿಂದ ಆ ಕಡೆಗೆ ಬಾಗಿ ನಿಲ್ತಿದ್ದೀರಾ?" ಎಂದು ಕೇಳಿದಳು.

"ನಾನೆಲ್ಲಿ ಬಾಗಿದೀನಕ್ಕಾ? ಮೂಟೆ ಹೊತ್ತೂ ಹೊತ್ತೂ ಹಂಗೇ ಆಗೈತೆ."

ಗೋಧಿಯನ್ನು ಅಲ್ಲೇ ಬಿಟ್ಟು ಹೋದಳು. ಮಾರನೆಯ ದಿನ ಬೆಳಗಿನ ಬಸ್ಸಿಗೆ ನಮ್ಮಿಬ್ಬರನ್ನೂ ಕರೆದುಕೊಂಡೇ ಹೊರಟಳು.

ಈಲಿಯಲ್ಲಿ ಗಡ್ಡೆ. ಕೊಯ್ದು ತೆಗೆಯುವ ಜಾಗದಲ್ಲಿಲ್ಲ ಎಂದರು ಡಾಕ್ಟರು. ಕರೆಂಟು ಇಟ್ಟು ನೋಡೋಣ ಎಂದರು. ಅಕ್ಕ ನನ್ನನ್ನು ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ಕೂರಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದಳು: "ಗಡ್ಡೆಗೆ ಸಾಕಾಗಬೇಕು. ಚೆನ್ನಾಗಿ ಉಳಿದಿರೋ ಭಾಗಕ್ಕೆ ಜಾಸ್ತಿ ಆಗಬಾರದು, ಜಾಸ್ತಿ ಆಯ್ತೋ ಈಲಿ ಒಣಗಿಹೋಗುತ್ತೆ. ಇದೂ ಅದೂ ನಡುವೆ ಇರೋ ಸಂದು ಬಹಳ ಸಣ್ಣದು ಕಣೆ. ನಿನ್ನ ಗಂಡ ಆ ಸಂದಿನಲ್ಲಿ ನಿಂತಿದ್ದಾನೆ."

ಅವರಿಗೆ ಮೊದಲು ಏನೋ ಔಷಧಿ ಚುಚ್ಚಿ ಒಂದು ಚಿತ್ರ ತೆಗೆದರು. ಯಂತ್ರವೊಂದು ಹೊಟ್ಟೆಯ ಮೇಲೆ ಅತ್ತಿಂದಿತ್ತ ಹೋಗುತ್ತ ಕಾಗದದ ಮೇಲೆ ಟಿಕ್ ಟಿಕ್ ಎಂದು ಚುಕ್ಕಿ ಹೊಡೆಯುತ್ತಿತ್ತು. ಈಲಿ ಇರುವಲ್ಲೆಲ್ಲ ಒತ್ತೊತ್ತಾಗಿ ಚುಕ್ಕಿ. ಗಡ್ಡೆ ಇರುವ ಜಾಗದಲ್ಲಿ ಚುಕ್ಕಿಯೇ ಇಲ್ಲ, ಖಾಲಿ. ಗಡ್ಡೆ ಎಂದರೆ ಏನೋ ಹೆಚ್ಚಿಗೆ ಬೆಳೆದು ಕೂತಿರುತ್ತದೆ ಅಂದುಕೊಂಡಿದ್ದೆ. ಚಿತ್ರದಲ್ಲಿ ನೋಡಿದರೆ ನನ್ನ ಗಂಡನ ಒಳಗೆ ಒಂದು ಕಡೆ ಯಾರೂ ಇರಲಿಲ್ಲ.

ಆಮೇಲೆ ಅಕ್ಕ ಸೀಸದ ತಂತಿಯೊಂದನ್ನು ಅವರ ಹೊಟ್ಟೆಯ ಸುತ್ತ ಬಗ್ಗಿಸಿ, ಅದೇ ಆಕಾರವನ್ನು ಚೌಕುಳಿ ಕಾಗದದ ಮೇಲೆ ಇಳಿಸಿದಳು. ತಲೆ ಇಲ್ಲ, ಕೈಕಾಲಿಲ್ಲ, ಸೊಟ್ಟಗಿನ ರೊಟ್ಟಿಯ ಹಾಗೆ ನನ್ನ ಗಂಡ. ಅದರೊಳಗೆ ಗಡ್ಡೆಯ ಸುತ್ತ ಉಂಗುರದ ಹಾಗೆ ಗೆರೆಗಳು, ಎಲ್ಲಿಗೆ ಎಷ್ಟು ಎಂದು. ವಾರವಿಡೀ ಗೆರೆ ಎಳೆದಳು, ಅಳಿಸಿದಳು, ಕೂಡಿದಳು. ಕಡೆಗೆ ಅವರ ಬಲಪಕ್ಕೆಯ ಮೇಲೆ ನೇರಳೆ ಗುರುತು ಹಾಕಿದರು. ಓರೆಯಾದ ಒಂದು ಚೌಕ. ಮೂಲೆಗಳನ್ನು ಮಾತ್ರ ಬರೆದು ನಡುವಿನ ಗೆರೆ ಬಿಟ್ಟಿದ್ದರು, ಮಧ್ಯದಲ್ಲೊಂದು ಅಡ್ಡಗೀಟು.

"ಗಿರಣಿಗೆ ಕೊಡಾಕೆ ಕರೆಂಟಿಲ್ಲ ಈ ಸರ್ಕಾರದಾಗೆ. ನನಗೆ ದಿನಾ ಕೊಡ್ತಾರಂತೆ," ಎಂದರು ನಮ್ಮವರು ಮೊದಲ ದಿನ ಒಳಗೆ ಹೋಗುವಾಗ. ಹೊರಗೆ ಬಂದಾಗ ಆ ಮುಖ ಇರಲಿಲ್ಲ.

"ಏನಾತ್ರೀ?"

"ಏನೂ ಆಗ್ಲಿಲ್ಲ ಕಣೆ. ನನ್ನ ಮಲಗ್ಸಿ ಎಲ್ರೂ ಓಡೋದ್ರು. ಬಾಗ್ಲು ಹೆಂಗೈತೆ ಗೊತ್ತಾ, ನಮ್ಮ ಬೀಸೋ ಕಲ್ಲಿಗಿಂತ ದಪ್ಪ. ಬೆಳಕಿಲ್ಲ, ಬಿಸಿ ಇಲ್ಲ. ಆದ್ರೆ ಯಾರೋ ನನ್ನೊಳಗೆ ನಡ್ಕೊಂಡು ಹೋದಂಗಾತು."

"ಚಪ್ಪಲಿ ಹಾಕ್ಕೊಂಡಾ, ಬರಿಗಾಲಲ್ಲಾ?" ಎಂದೆ, ನಗಿಸಲು.

"ಬರಿಗಾಲಲ್ಲಿ," ಎಂದರು. ನಗಲಿಲ್ಲ.

ವಾರವೆಲ್ಲ ಆಸ್ಪತ್ರೆಯ ಹತ್ತಿರದ ಛತ್ರದಲ್ಲಿ ನಾವಿಬ್ಬರು, ಶನಿವಾರ ಅಕ್ಕನ ಜೊತೆಯಲ್ಲೇ ಊರಿಗೆ. ಊರಲ್ಲಿ ಬೇರೆಯದೇ ಕಾಟ. ಅವರ ಮೈಯಲ್ಲಿ ಕರೆಂಟು ಉಳಿದಿರುತ್ತದೆ ಎಂದು ಗಿರಣಿಗೆ ಬಂದವರು ಅವರ ಕೈಯಿಂದ ಹಿಟ್ಟಿನ ಚೀಲ ಈಸಿಕೊಳ್ಳಲು ಹಿಂಜರಿಯುತ್ತಿದ್ದರು. ಎದುರಿನ ಸೈಕಲ್ ಅಂಗಡಿಯವನು ಟೆಸ್ಟರ್ ತಂದು "ಒಂದ್ಸಾರಿ ಮುಟ್ಟಿ ನೋಡ್ಬುಡ್ಲಾ ಅಣ್ಣ?" ಎಂದು ಕೇಳಿಯೇ ಬಿಟ್ಟ. ನಾನು ಪೊರಕೆ ಎತ್ತಿಕೊಂಡು ಅವನನ್ನು ಅವನ ಅಂಗಡಿಯವರೆಗೆ ಬಿಟ್ಟು ಬಂದೆ.

ಇನ್ನು ನಮ್ಮತ್ತೆ. ಅವರು ಪಾವಗಡದ ಆಚೆ ರಾಯಚರ್ಲು ಕಡೆಯವರು, ಕನ್ನಡ ಅರ್ಧ ತೆಲುಗು ಅರ್ಧ. ರಂಗೋಲಿಗೆ ಅವರು ಮುಗ್ಗು ಎನ್ನುತ್ತಿದ್ದರು. ಅವರ ಮುಗ್ಗು ನೋಡಲು ಬೀದಿಯ ಕೊನೆಯಿಂದ ಹೆಂಗಸರು ಬರುತ್ತಿದ್ದರು. ಚುಕ್ಕಿ ಇಟ್ಟು ಗೆರೆ ಎಳೆಯಲು ಶುರು ಮಾಡಿದರೆ ಎಡಕ್ಕೂ ಬಲಕ್ಕೂ ಎಳ್ಳಷ್ಟು ಹೆಚ್ಚುಕಡಿಮೆ ಇಲ್ಲ. ಗೆರೆ ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ಸೇರಬೇಕು. ಒಂದು ಮೂಲೆ ಮುಚ್ಚದೆ ಬಿಟ್ಟರೆ ಅಲ್ಲಿಂದ ಗಾಳಿ ಒಳಗೆ ಬರುತ್ತದೆ ಎಂದು ಅವರ ನಂಬಿಕೆ. ಗಾಳಿ ಎಂದರೆ ಬೀಸುವ ಗಾಳಿ ಅಲ್ಲ.

ಅವರಿಗೆ ಆ ಚುಕ್ಕಿ ಚಿತ್ರ ಸಿಕ್ಕಿತು. ನಮ್ಮವರ ಚೀಲದಲ್ಲಿ ಮಡಚಿಟ್ಟಿದ್ದನ್ನು ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಏಮಿ ಇದಿ? ಯಾರು ಇಟ್ಟಿದ್ದು ಈ ಚುಕ್ಕಿ? ನಡುವೆ ಬುಟ್ಟವ್ರಲ್ಲೇ!"

"ಅದು ಮುಗ್ಗಲ್ಲ ಅತ್ತೆ, ಅವರ ಹೊಟ್ಟೆ ಒಳಗಿನ ಚಿತ್ರ."

"ಹೊಟ್ಟೆ ಒಳಗಾದ್ರೂ ಅಷ್ಟೇ. ಚುಕ್ಕಿ ಬುಟ್ಟಿರೋ ಕಡೆ ಏನೋ ಬಂದು ಕುಂತೈತೆ."

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ನನಗೆ ಹೆದರಿಕೆ.

ಆ ಭಾನುವಾರ ಸೆಕೆ. ಬೆವರಿಗೆ ನಮ್ಮವರ ಮೈಮೇಲಿನ ಗುರುತು ಮಾಸಿತ್ತು. ಮಧ್ಯಾಹ್ನ ಉಂಡು ಬನಿಯನ್ ಎತ್ತಿಕೊಂಡು ಚಾಪೆಯ ಮೇಲೆ ಮಲಗಿದ್ದರು. ಕರೆಂಟು ಬಂದಿತೆಂದು ನಾನು ಗಿರಣಿಗೆ ಹೋಗಿ ರಾಗಿ ಬೀಸುತ್ತಿದ್ದೆ. ಸಂಜೆ ಮನೆಗೆ ಬಂದಾಗ ಅತ್ತೆ ಬಹಳ ಸಮಾಧಾನದಲ್ಲಿದ್ದರು. ಊಟಕ್ಕೆ ಬಾಯಿ ತೆರೆದಾಗ ಅವರ ನಾಲಿಗೆ ನೇರಳೆ ಬಣ್ಣವಾಗಿತ್ತು. ನೇರಳೆ ಹಣ್ಣಿನ ಕಾಲ, ಯಾರೋ ಕೊಟ್ಟಿರಬೇಕು, ನನಗೊಂದು ಉಳಿಸಲಿಲ್ಲವಲ್ಲ ಮುದುಕಿ, ಎಂದುಕೊಂಡು ಸುಮ್ಮನಾದೆ.

ಸೋಮವಾರ ಎಂದಿನಂತೆ ಕರೆಂಟು ಕೊಟ್ಟರು. ದಿನಾ ಕೊಡುವವರು ಬೇರೆ, ಅಳತೆ ಮಾಡಿ ಗೆರೆ ಗೊತ್ತು ಮಾಡುವವಳು ಅಕ್ಕ. ಗುರುತು ಎಲ್ಲಿದೆಯೋ ಅಲ್ಲಿಗೆ ಯಂತ್ರ ನಿಲ್ಲಿಸುವುದು ಅವರ ಕೆಲಸ. ಗುರುತು ಅಂದು ಬಹಳ ಸ್ಪಷ್ಟವಾಗಿತ್ತಂತೆ. ಸಂಜೆಗೆ ನಮ್ಮವರು ವಾಂತಿ ಮಾಡತೊಡಗಿದರು, ಹಸಿರು ನೀರು, ನಿಲ್ಲಲೇ ಇಲ್ಲ. ಮಂಗಳವಾರ ಬೆಳಿಗ್ಗೆ ಅಕ್ಕನ ಹತ್ತಿರ ಕರೆದುಕೊಂಡು ಹೋದೆ.

"ಬನಿಯನ್ ಎತ್ತಿ," ಎಂದಳು. ನೋಡಿದಳು. ಕಣ್ಣು ಮುಚ್ಚಿ ಅಂಗೈಯನ್ನು ಅವರ ಪಕ್ಕೆಯ ಮೇಲಿಟ್ಟು, ಕತ್ತಲಲ್ಲಿ ಗೋಡೆ ಸವರುವವರ ಹಾಗೆ ಮೆಲ್ಲಗೆ ಹೊಟ್ಟೆಯ ನಡುವಿಗೆ ಸರಿಸಿದಳು.

"ಇದು ನನ್ನ ಗೆರೆ ಅಲ್ಲ."

ಬೆರಳಿನಿಂದ ನಾಲ್ಕೂ ಮೂಲೆ ಮುಟ್ಟಿ ನೋಡಿದಳು.

"ಯಾರೋ ಇದನ್ನ ಮುಚ್ಚಿದ್ದಾರೆ. ನೆಟ್ಟಗೆ ಮಾಡಿದ್ದಾರೆ."

ನನಗೆ ಅತ್ತೆಯ ನಾಲಿಗೆ ನೆನಪಾಯಿತು. ಗಿರಣಿಯಲ್ಲಿ ಮೂಟೆಗೆ ಗುರುತು ಹಾಕಲು ಒಂದು ಪೆನ್ಸಿಲಿತ್ತು, ಎಂಜಲು ತಾಗಿಸಿದರೆ ನೇರಳೆ ಬಣ್ಣ ಬಿಡುತ್ತಿತ್ತು. ಮಗ ನಿದ್ದೆಯಲ್ಲಿದ್ದಾಗ ಅದನ್ನು ನೆಕ್ಕಿ ನೆಕ್ಕಿ, ಮಾಸಿದ ಓರೆ ಚೌಕವನ್ನು ಹೊಟ್ಟೆಯ ನಡುವಿಗೆ ಎಳೆದು ತಂದು, ಎರಡೂ ಕಡೆ ಸಮ ಮಾಡಿ, ನಾಲ್ಕೂ ಮೂಲೆ ಕೂಡಿಸಿದ್ದರು. ಸರಿಯಾಗಿ ಮಧ್ಯಕ್ಕೆ ಹೊಸದೊಂದು ಅಡ್ಡಗೀಟು. ಅಂಥ ಅಂದವಾದ ಗೆರೆಯನ್ನು ಆಸ್ಪತ್ರೆಯವರು ಎಂದೂ ಎಳೆದಿರಲಾರರು.

"ಒಂದೇ ದಿನ ತಾನೇ ಅಕ್ಕಾ? ಅಳಿಸಿ ಮತ್ತೆ ಬರೆದ್ರಾಯ್ತು."

"ಗೆರೆ ಅಳಿಸಬಹುದು ಕಣೆ. ಒಳಗೆ ಹೋಗಿದ್ದನ್ನ ವಾಪಸ್ ತಗೊಳ್ಳೋಕಾಗಲ್ಲ." ಅವಳ ದನಿ ಬಹಳ ಸಣ್ಣಗಿತ್ತು. "ಚೆನ್ನಾಗಿದ್ದ ಭಾಗದ ಮೇಲೆ ಬಿದ್ದಿದೆ. ಸಂದು ಇದ್ದಿದ್ದೇ ಅಷ್ಟು."

ಡಾಕ್ಟರಿಗೆ ಹೇಳಿ ಕರೆಂಟು ನಿಲ್ಲಿಸಿದಳು. ಮತ್ತೆ ಸೀಸದ ತಂತಿ, ಮತ್ತೆ ಚೌಕುಳಿ ಕಾಗದ. ಈ ಸಲ ಆ ರೊಟ್ಟಿಯಾಕಾರದೊಳಗೆ ಅತ್ತೆಯ ಚೌಕವನ್ನೂ ಬರೆದು, ಅದರಿಂದ ಒಳಗೆ ಎಲ್ಲಿಗೆ ಎಷ್ಟು ಹೋಗಿದೆ ಎಂದು ಮೊದಲು ಲೆಕ್ಕ ಹಿಡಿದಳು. ಉಳಿದದ್ದನ್ನು ಅದರ ಸುತ್ತ ಬಳಸಿ, ಬೆನ್ನಿನ ಕಡೆಯಿಂದ, ಪಕ್ಕದಿಂದ ಹೊಸ ದಾರಿ ಮಾಡಿದಳು. ಅವಳ ಮೇಜಿನ ಮೇಲಿನ ಆ ಕಾಗದದಲ್ಲಿ ಇಬ್ಬರು ಹೆಂಗಸರ ಗೆರೆಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಕೆಳಗೆ ನನ್ನ ಗಂಡ ಮಲಗಿದ ಹಾಗಿತ್ತು.

ಶನಿವಾರ ಊರಿಗೆ ಬಂದು ಅತ್ತೆಯ ಎದುರು ಕೂತಳು. ಅತ್ತೆಯೇ ಮೊದಲು ಬಾಯಿ ಮಾಡಿದರು.

"ಓರೆ ಗೀಟು ಹಾಕಿ, ಮೂಲೆಗೆ ಮೂಲೆ ಕೂಡಿಸ್ದೆ, ಮನೆ ಬಾಗ್ಲು ತೆಗೆದಿಟ್ಟಂಗೆ ನನ್ನ ಕೊಡುಕನ್ನ ಮಲಗ್ಸಿದ್ಯಲ್ಲಮ್ಮಾ! ಓದಿದೋಳು ನೀನು, ಒಂದು ಗೀಟು ನೆಟ್ಟಗೆ ಎಳೆಯಾಕೆ ಬರಲ್ವಾ?"

"ಅವ್ವಾ, ಗಡ್ಡೆ ಓರೆ ಐತೆ. ನಾನು ಅದರ ಮೇಲೆ ಬರೆದಿದ್ದೆ."

ಅತ್ತೆ ಸ್ವಲ್ಪ ಹೊತ್ತು ಅವಳ ಬೆರಳನ್ನೇ ನೋಡಿದರು. ನಂತರ "ನಂದು?" ಎಂದರು.

"ನಿಮ್ಮದು ಪಕ್ಕಕ್ಕೆ ಬಿತ್ತು."

ಅತ್ತೆ ಎದ್ದು ಹೋಗಿ ಪೆನ್ಸಿಲನ್ನು ಒಲೆಗೆ ಹಾಕಿದರು. ಅದು ಉರಿಯುವಾಗ ಒಂದು ಹೊಗೆ ಬಂತು.

ಕರೆಂಟು ಮುಗಿಯಿತು. ನೋವು ಇಳಿಯಿತು. ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮವರು ಗಿರಣಿಯಲ್ಲಿ ಕೂತು ಗಿರಾಕಿಗಳ ಜೊತೆ ಜಗಳ ಆಡುವಷ್ಟಾದರು. ಮುದ್ದೆ ಉಂಡರು. ನನ್ನನ್ನು ಬೈದರು. ನಾವು ಗೆದ್ದೆವು ಎಂದೇ ನಾನು ತಿಳಿದಿದ್ದೆ. ಅಕ್ಕ ಮಾತ್ರ ಪ್ರತಿ ಭಾನುವಾರ ಬಂದು ಅವರ ಪಕ್ಕೆಯ ಕಡೆ ನೋಡಿ, ಕಾಫಿ ಕುಡಿದು ಹೋಗುತ್ತಿದ್ದಳು. ಚಳಿ ಹೋಗಿ ಬಿಸಿಲು ಏರುವಾಗ ಅವರ ಹೊಟ್ಟೆಯಲ್ಲಿ ನೀರು ತುಂಬಿತು. ಕಣ್ಣು ಹಳದಿಯಾಯಿತು. ಮತ್ತೆ ನೇರಳೆ ಹಣ್ಣು ಬರುವ ಮೊದಲೇ ಹೋಗಿಬಿಟ್ಟರು.

ಮಣ್ಣು ಮಾಡಿದ ಮೂರನೆಯ ದಿನ ಹಾಲು ತುಪ್ಪ. ನೆಂಟರೆಲ್ಲ ಸಮಾಧಿಗೆ ಹಾಲು ತುಪ್ಪ ಬಿಟ್ಟು ಬಂದು ನಡುಮನೆಯಲ್ಲಿ ಕೂತಿದ್ದರು. ಅಕ್ಕ ರಜೆ ಹಾಕಿ ಬಂದಿದ್ದಳು, ಬಾಗಿಲ ಹತ್ತಿರ ನಿಂತಿದ್ದಳು. ಅತ್ತೆ ಚಾಪೆಯ ಮೇಲಿಂದ ಎಲ್ಲರಿಗೂ ಕೇಳುವ ಹಾಗೆ ಅವಳನ್ನು ಕರೆದರು.

"ಅಮ್ಮಯ್ಯಾ, ನಿಜಂ ಚೆಪ್ಪು. ನಿಜ ಹೇಳು. ನಾನು ಬರೆದ ಗೀಟು ನನ್ನ ಮಗನ್ನ ತಿಂತಾ?"

ಅವಳು ಇಲ್ಲ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ. ಒಂದು ಮಾತು, ಅಷ್ಟೇ. ಮುದುಕಿ ಉಳಿದ ಕಾಲ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಆದರೆ ಲೆಕ್ಕದ ವಿಷಯದಲ್ಲಿ ಅವಳು ಯಾರ ಸಮಾಧಾನಕ್ಕೂ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ.

"ತಿಂತು ಅವ್ವಾ," ಎಂದಳು.

ನಮ್ಮ ದೊಡ್ಡಪ್ಪನವರ ಮಗ ಎದ್ದು ನಿಂತ. ಅತ್ತೆ ಕೈ ಎತ್ತಿ ಅವನನ್ನು ಕೂರಿಸಿದರು.

"ನಿಮ್ಮ ಗೀಟು ಒಂದು ದಿನ ತಿಂತು. ನನ್ನ ಗೀಟು ಉಳಿದ ದಿನವೆಲ್ಲ ತಿಂತು. ಗಡ್ಡೆಗೆ ಅಂತ ಬಿಟ್ಟಿದ್ದು ದಾರೀಲಿ ಒಳ್ಳೇದನ್ನೂ ತಿನ್ನದೆ ಹೋಗಲ್ಲ ಅವ್ವಾ. ಅದು ಗೊತ್ತಿದ್ದೇ ಬರೀತೀನಿ. ದಿನಾ ಬರೀತೀನಿ. ಗಡ್ಡೆ ನಮ್ಮಿಬ್ಬರಿಗಿಂತ ಜಾಸ್ತಿ ತಿಂತು."

"ನೀನು ಇಲ್ಲ ಅಂತೀಯ ಅಂದ್ಕೊಂಡಿದ್ದೆ."

"ಇಲ್ಲ ಅಂದಿದ್ರೆ ನಂಬ್ತಿದ್ರಾ?"

ಅತ್ತೆ "ಲೇದು," ಎಂದರು. ಇಲ್ಲ ಎಂದು. ನಂತರ ಚಾಪೆಯ ಮೇಲೆ ಸರಿದು ಜಾಗ ಮಾಡಿ, "ಕೂತ್ಕೋ ಬಾ," ಎಂದರು. ಅವಳು ಹೋಗಿ ಕೂತಳು. ಅತ್ತೆ ಅವಳ ನೇರಳೆ ಬೆರಳನ್ನು ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡರು. ಅವರನ್ನು ಹಾಗೆ ನೋಡಿ ನೆಂಟರು ಒಬ್ಬೊಬ್ಬರಾಗಿ ಹೊರಗೆ ಹೋದರು.

ಸಾವಿನ ಮನೆಯ ಮುಂದೆ ಮುಗ್ಗು ಹಾಕುವಂತಿಲ್ಲ. ಸೂತಕ ಎಲ್ಲ ಕಳೆದ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಅತ್ತೆ ಮೊದಲ ಸಲ ಅಂಗಳ ಸಾರಿಸಿ ಕೂತರು. ಚುಕ್ಕಿ ಇಟ್ಟರು, ಗೆರೆ ಎಳೆದರು. ಎಲ್ಲ ಮೊದಲಿನಂತೆ, ಎಡಕ್ಕೂ ಬಲಕ್ಕೂ ಸಮ. ಆದರೆ ಬಾಗಿಲ ಕಡೆಯ ಒಂದು ಮೂಲೆ ಕೂಡಲಿಲ್ಲ. ಎದುರು ಮನೆಯವಳು ನೀರು ಚಿಮುಕಿಸುತ್ತ ಕೂಗಿದಳು:

"ಅಜ್ಜೀ, ಕಣ್ಣು ಕಾಣಾಕಿಲ್ವಾ? ಮೂಲೆ ಬುಟ್ಬುಟ್ಟಿದ್ದೀಯಲ್ಲ!"

"ಕಾಣ್ತದೆ ಬುಡಮ್ಮ," ಎಂದರು ಅತ್ತೆ. "ವಾಡು ರಾವಾಲಿ ಕದಾ? ಅವನು ಬರಬ್ಯಾಡ್ವಾ?"

ಎದುರು ಮನೆಯವಳು ಚೆಂಬು ಹಿಡಿದುಕೊಂಡು ಒಳಗೆ ಓಡಿದಳು.

ಅಷ್ಟರಲ್ಲಿ ಅಕ್ಕ ಬೆಂಗಳೂರಿನ ಬಸ್ಸಿಗೆಂದು ಚೀಲ ಹಿಡಿದು ಮನೆಯಿಂದ ಹೊರಬಿದ್ದಳು. ಬೆಟ್ಟದ ಹಿಂದೆ ಈಗಷ್ಟೇ ಬೆಳಕು ಹರಿಯುತ್ತಿತ್ತು. ನಮ್ಮ ಬಾಗಿಲ ಮುಂದೆ ಬಂದು ನಿಂತಳು, ಮುಗ್ಗನ್ನು ನೋಡಿದಳು, ತೆರೆದ ಮೂಲೆಯನ್ನು ನೋಡಿದಳು. ಇಷ್ಟೆಲ್ಲ ಓದಿದವಳು, ಅತ್ತೆಗೆ ಏನಾದರೂ ತಿಳಿಹೇಳುತ್ತಾಳೆ ಎಂದು ನಾನು ಕಾದೆ. ಅವಳು ಚೀಲವನ್ನು ಎದೆಗೆ ಒತ್ತಿಕೊಂಡು, ಕಿರಿದಾದ ಓಣಿಯಲ್ಲಿ ಎದುರಿನಿಂದ ಯಾರೋ ಬರುತ್ತಿರುವ ಹಾಗೆ ಗೋಡೆಯ ಪಕ್ಕಕ್ಕೆ ಸರಿದು ನಿಂತಳು. ಒಬ್ಬರು ಹಾದುಹೋಗುವಷ್ಟು ಹೊತ್ತು. ಆಮೇಲೆ ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ನಾನು ಹೊಸ್ತಿಲ ಮೇಲೆ ನಿಂತಿದ್ದೆ. ನಾನೂ ಸರಿದೆ.